ಹೆಸರು ಬರೆಸಿದ್ದು

ಅಕ್ಕ ನಮ್ಮ ಕಾಲೇಜಿನ ಕಾನೂನು ನೆರವು ಘಟಕಕ್ಕೆ ಬಂದದ್ದು ಬಸ್ ಟಿಕೆಟ್ಟಿನ ಜಗಳ ಹೊತ್ತುಕೊಂಡು. 2023ರ ಜೂನ್ ಕೊನೆ. ಶಕ್ತಿ ಯೋಜನೆ ಶುರುವಾಗಿ ಇನ್ನೂ ಮೂರು ವಾರ ಆಗಿರಲಿಲ್ಲ. ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ, ಲಿಂಗತ್ವ ಅಲ್ಪಸಂಖ್ಯಾತರಿಗೂ ಇಲ್ಲ. ಮೊದಲನೆಯದು ಎಲ್ಲರಿಗೂ ಗೊತ್ತಿತ್ತು. ಎರಡನೆಯದು ಆದೇಶದಲ್ಲಿತ್ತು, ಅಷ್ಟೆ. ಅಕ್ಕ ಜೋಗತಿ; ಹುಟ್ಟಿದಾಗ ಗಂಡು ಅಂತ ದಾಖಲಾಗಿ, ಎಲ್ಲಮ್ಮನ ಹೆಸರಿನಲ್ಲಿ ಸೀರೆ ಉಟ್ಟು ಬದುಕುವವರು.

ಅಕ್ಕನ ಕೈಲಿದ್ದದ್ದು ಹಳೇ ಆಧಾರ್ ಕಾರ್ಡು. ಅದರಲ್ಲಿ ಅಪ್ಪ ಇಟ್ಟ ಹೆಸರು, ಸಣ್ಣ ಮೀಸೆಯ ಫೋಟೋ. ಲಿಂಗ ಅನ್ನುವಲ್ಲಿ ಪುರುಷ. ಕಂಡಕ್ಟರ್ ಕಾರ್ಡನ್ನು ನೋಡಿದ, ಅಕ್ಕನ ಹಸಿರು ಸೀರೆ ನೋಡಿದ, ದುಡ್ಡಿನ ಟಿಕೆಟ್ಟೇ ಹರಿದು ಕೊಟ್ಟ. ಬಸ್ಸಿನಲ್ಲಿ ಯಾರೋ ನಕ್ಕರಂತೆ.

"ನಾ ಯಾರಂತ ಅವಂಗ ಗೊತ್ತಿಲ್ಲೇನ್ರಿ ಮೇಡಮ್ಮಾರ? ಹುಲಿಗಿ ಹುಣ್ಣಿಮಿಗೆ ಅವನ ಅವ್ವನ ನನ್ನ ಕಾಲಿಗೆ ಬಿದ್ದು ಭಂಡಾರ ಹಚ್ಚಿಸ್ಕೊಂಡು ಹೋಗ್ಯಾಳ."

ಕಂಡಕ್ಟರನ ಮೇಲೆ ದೂರು ಬರೆಯೋಣವೇ ಅಂತ ನಾನು ಪೆನ್ನು ತೆಗೆದೆ. ಅಕ್ಕ ಬೇಡ ಅಂದರು. ಅವನ ಹೊಟ್ಟೆ ಮೇಲೆ ಹೊಡೆದು ನಂಗೇನು ಆಗಬೇಕು, ನನ್ನ ಕಾರ್ಡು ಸರಿ ಮಾಡಿಸಿ ಕೊಡ್ರಿ ಅಂದರು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಕೋರ್ಟಿಗೂ ಹೋಗುತ್ತೇನೆ, ಪಾಠವನ್ನೂ ಮಾಡುತ್ತೇನೆ. ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಹೇಳಬಹುದು ಅಂತ ನಿಯಮ ಇದೆ. ಅದರಡಿ ನಾನು ಅರೆಕಾಲಿಕ ಉಪನ್ಯಾಸಕಿ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಕೊಟ್ಟ ನಾಲ್ಸಾ ತೀರ್ಪು ನನಗೆ ಬಾಯಿಪಾಠ. ನ್ಯಾಯಮೂರ್ತಿ ರಾಧಾಕೃಷ್ಣನ್, ನ್ಯಾಯಮೂರ್ತಿ ಸಿಕ್ರಿ. ಗಂಡೋ, ಹೆಣ್ಣೋ, ತೃತೀಯ ಲಿಂಗವೋ, ಅದನ್ನು ಆ ವ್ಯಕ್ತಿಯೇ ಹೇಳಬೇಕು; ಆಪರೇಷನ್ ಆಗಿರಲೇಬೇಕು ಅಂತ ಯಾರೂ ಹಟ ಹಿಡಿಯುವಂತಿಲ್ಲ. ಪ್ರತಿ ವರ್ಷ ಹತ್ತು ಅಂಕದ ಪ್ರಶ್ನೆ ಕೇಳುತ್ತಿದ್ದೆ. ಪೊಲೀಸರು ಸಮುದಾಯದವರನ್ನು ಎತ್ತಿಕೊಂಡು ಹೋದಾಗ ಜಾಮೀನಿಗೆ ಓಡಿದ್ದೂ ಉಂಟು. ಆದರೆ ಒಂಬತ್ತು ವರ್ಷ ಆ ತೀರ್ಪನ್ನು ಪಾಠ ಮಾಡಿದವಳು ಒಂದೇ ಒಂದು ಗುರುತಿನ ಚೀಟಿಯ ಅರ್ಜಿ ತುಂಬಿರಲಿಲ್ಲ. ಅಕ್ಕನದೇ ಮೊದಲನೆಯದು.

ಅರ್ಜಿ ಏನೋ ಸರಳ. ನಾನು ಹೇಳುತ್ತಿರುವುದೆಲ್ಲ 2023ರ ನಿಯಮದ ಮಾತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆ 2020ರ ಜನವರಿ 10ರಿಂದ ಜಾರಿಗೆ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ನಿಯಮಗಳು, ನವೆಂಬರಿನಲ್ಲಿ ಕೇಂದ್ರ ಸರ್ಕಾರದ ಪೋರ್ಟಲ್ಲು. ನಮೂನೆ 1 ಅಂದರೆ ಅರ್ಜಿ. ನಮೂನೆ 2 ಅಂದರೆ ಅಫಿಡವಿಟ್ಟು. ಜಿಲ್ಲಾ ದಂಡಾಧಿಕಾರಿ, ಅಂದರೆ ಡಿಸಿ, 30 ದಿನದಲ್ಲಿ ನಮೂನೆ 3ರ ಪ್ರಮಾಣಪತ್ರ ಕೊಡಬೇಕು. ಅದಕ್ಕೆ ಯಾವ ವೈದ್ಯಕೀಯ ತಪಾಸಣೆಯೂ ಬೇಡ. ಆ ಜಿಲ್ಲೆಯಲ್ಲಿ ಒಂದು ವರ್ಷದಿಂದ ವಾಸ ಇದ್ದರೆ ಸಾಕು.

ನಾನು ಅಫಿಡವಿಟ್ಟಿನಲ್ಲೇ ಎಡವಿದೆ. ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ. ಬಾಲ್ಯದಿಂದಲೇ ಮನಸ್ಸಿನ ತೊಳಲಾಟ, ಮನೆಯವರ ತಿರಸ್ಕಾರ, ಸಮಾಜದ ಕ್ರೌರ್ಯ, ಎಲ್ಲ ಇತ್ತು ಅದರಲ್ಲಿ. ರಿಟ್ ಅರ್ಜಿ ಬರೆದು ಬರೆದು ಕೈಗೆ ಅದೇ ಚಟ. ಅಕ್ಕನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು.

"ಇಷ್ಟ್ಯಾಕ ಅತ್ತೀರಿ ನನ್ನ ಹೆಸರಿಲೆ?"

ನಾನು ಏನೂ ಹೇಳಲಿಲ್ಲ. ಅವರೇ ಮುಂದುವರಿಸಿದರು. ಅಪ್ಪ ಹೊಡೆದದ್ದು ಖರೆ, ಅಣ್ಣ ಹೊರಗೆ ಹಾಕಿದ್ದೂ ಖರೆ. ಆದರೆ ಎಲ್ಲಮ್ಮ ಕರೆದಳು, ಮುತ್ತು ಕಟ್ಟಿಸಿಕೊಂಡು ಅವಳಿಗೆ ಒಪ್ಪಿಸಿಕೊಂಡೆ, ಚೌಡಿಕೆ ನುಡಿಸಲು ಕಲಿತೆ, ಊರೂರು ತಿರುಗಿ ಹಾಡಿದೆ, ಹತ್ತು ಜನಕ್ಕೆ ಅನ್ನ ಹಾಕಿದೆ. ಅದೊಂದೂ ನಿಮ್ಮ ಕಾಗದದಲ್ಲಿ ಇಲ್ಲವಲ್ಲ ಅಂದರು. "ಗಂಡಾಗಿ ಹುಟ್ಟಿ ಹೆಣ್ಣಾದ" ಅಂತ ಒಂದು ಸಾಲು ಬರೆದಿದ್ದೆ. ಅದನ್ನಂತೂ ಬೆರಳಿಟ್ಟು ತೆಗೆಸಿದರು. "ಆಗಿಲ್ಲರೀ. ಇದ್ದೆ."

ಆಗಿನ ನಿಯಮದಲ್ಲಿ ಅಫಿಡವಿಟ್ಟಿನ ಮಾದರಿ ಕೊಟ್ಟಿದ್ದರು. ಹುಟ್ಟಿದಾಗ ದಾಖಲಾದ ಲಿಂಗಕ್ಕೂ ನನಗೆ ನಾನು ಕಾಣುವ ಲಿಂಗಕ್ಕೂ ಹೊಂದಿಕೆ ಇಲ್ಲ, ನಾನು ಟ್ರಾನ್ಸ್‌ಜೆಂಡರ್ ವ್ಯಕ್ತಿ ಎಂದು ಘೋಷಿಸುತ್ತೇನೆ, ಇಷ್ಟೇ ಅದರ ತಿರುಳು. ಅರ್ಧ ಪುಟ. ಕಾನೂನು ಕೇಳದೇ ಇರುವ ಕಣ್ಣೀರನ್ನು ವಕೀಲರೇ ಸುರಿಸುವುದು ನಮ್ಮ ವೃತ್ತಿಯ ರೋಗ. 20 ರೂಪಾಯಿ ಇ-ಸ್ಟಾಂಪ್ ಕಾಗದ ತಂದು ಆ ಅರ್ಧ ಪುಟವನ್ನೇ ಟೈಪ್ ಮಾಡಿಸಿದೆವು. ನೋಟರಿ "ಡಾಕ್ಟರ್ ಸರ್ಟಿಫಿಕೇಟ್ ಇಲ್ವಾ?" ಅಂದರು. ಇಲ್ಲ ಅಂದೆ. ಸಹಿ ಹಾಕಿದರು. ಪರಿಚಯದವರು, ಅದಕ್ಕೆ ಅಷ್ಟು ಸಲೀಸು.

ಪೋರ್ಟಲ್ ಕೆಲಸಕ್ಕೆ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಜುಲೈ 1ರ ಶನಿವಾರ ಅಕ್ಕನ ಮನೆಗೇ ಹೋದೆವು. ಕಾಲೇಜಿನ ನೆಟ್ ನಂಬುವಂಥದ್ದಲ್ಲ, ಅಕ್ಕನಿಗೋ ಕಾಲೇಜಿನ ಗೇಟು ದಾಟುವುದು ಕಿರಿಕಿರಿ. ಎರಡು ಕೋಣೆಯ ಮನೆ, ಏಳು ಜನ. ಗೂಡಿನಲ್ಲಿ ಎಲ್ಲಮ್ಮನ ಕೊಡ. ಈಮೇಲ್ ಇರಲಿಲ್ಲ, ತೆರೆದೆವು. ಓಟಿಪಿ ಬರುವ ಸಿಮ್ಮು ಇನ್ನೊಬ್ಬರ ಹೆಸರಿನಲ್ಲಿತ್ತು. ಮೊಬೈಲ್ ಫೋಟೋ ಸೈಜ್ ಜಾಸ್ತಿ ಅಂತ ಮೂರು ಸಲ ವಾಪಸ್ ಬಂತು. ತಂದೆ-ತಾಯಿ ಹೆಸರು ಅನ್ನುವಲ್ಲಿ ಗುರುವಿನ ಹೆಸರು ಹಾಕಿ ಅಂದರು ಅಕ್ಕ. ಕಾನೂನಿನ ಕಣ್ಣಿಗೆ ಗುರು ಯಾರೂ ಅಲ್ಲ. ಮೂವತ್ತು ವರ್ಷ ಸಾಕಿದವರ ಹೆಸರಿಗೆ ಜಾಗ ಇಲ್ಲ, ಹೊರಗೆ ಹಾಕಿದವರ ಹೆಸರಿಗೆ ಇದೆ. ಕೊನೆಗೆ ತಾಯಿಯ ಹೆಸರು ಹಾಕಿದೆವು. ತಾಯಿ ಕದ್ದುಮುಚ್ಚಿ ರೊಟ್ಟಿ ಕಳಿಸುತ್ತಿದ್ದರಂತೆ.

ಈ ಗಲಾಟೆಯಲ್ಲಿ ಒಬ್ಬ ವಿದ್ಯಾರ್ಥಿ ಇನ್ನೊಂದು ಕೆಲಸ ಮಾಡಿದ. ನಾನೇ ಹೇಳಿದ್ದೆ. ಮನೆಯಲ್ಲಿ ಯಾರ್‍ಯಾರು ಇದ್ದಾರೆ, ವಯಸ್ಸೆಷ್ಟು, ಯಾರ ಹತ್ತಿರ ಯಾವ ಕಾಗದ ಇದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೋ, ಉಳಿದವರ ಅರ್ಜಿಗೂ ಅನುಕೂಲ ಆಗುತ್ತೆ ಅಂತ. ಅವನು ಸುಮ್ನೆ ಕೇಳುತ್ತಾ ಬರೆಯುತ್ತಾ ಹೋದ. ಮೂಲೆಯಲ್ಲಿ ಕೂತಿದ್ದ ಅಜ್ಜಿಯ ಹೆಸರೂ ಬರೆದುಕೊಂಡ.

ಅಜ್ಜಿ ಅಂದರೆ ಅಕ್ಕನ ಗುರು. ಎಪ್ಪತ್ತು ದಾಟಿದೆ. ನಾವು ಹೊರಡುವ ಹೊತ್ತಿಗೆ ನನ್ನನ್ನು ಹತ್ತಿರ ಕರೆದರು.

"ಮಗಳ, ಇದು ಪೊಲೀಸ್ ಪುಸ್ತಕಕ್ಕ ಹೋಗತೈತೇನು?"

ಇಲ್ಲಜ್ಜಿ, ಇದು ಹಕ್ಕಿನ ಪತ್ರ ಅಂದೆ. ಅಜ್ಜಿ ನಕ್ಕರು. ಅವರ ಗುರುವಿನ ಗುರು ಹೈದರಾಬಾದ್ ಕಡೆ ಇದ್ದವರಂತೆ. ಅಲ್ಲಿ ಇವರ ಹೆಸರೆಲ್ಲ ಒಂದು ಪುಸ್ತಕದಲ್ಲಿ ಇತ್ತಂತೆ, ಊರು ಬಿಟ್ಟು ಹೋಗಬೇಕಾದರೂ ಹೆದರಿಕೆಯಂತೆ. ಅದು ಬರೀ ಅಜ್ಜಿ ಕತೆ ಅಲ್ಲ. ನಮ್ಮ ಜಿಲ್ಲೆಯೂ ಒಂದು ಕಾಲಕ್ಕೆ ನಿಜಾಮನ ಸೀಮೆ. ನಿಜಾಮನ ಸರ್ಕಾರ ಫಸಲಿ 1329ರಲ್ಲಿ, ಅಂದರೆ 1919ರ ಸುಮಾರಿಗೆ, ಒಂದು ಕಾನೂನು ಮಾಡಿತು. ಈ ಜನರ ಹೆಸರು, ವಿಳಾಸ ರಿಜಿಸ್ಟರಿನಲ್ಲಿ ಇರಬೇಕು. ಹೆಣ್ಣಿನ ಬಟ್ಟೆ ತೊಟ್ಟು ಬೀದಿಯಲ್ಲಿ ಹಾಡಿ ಕುಣಿದರೆ ಹಿಡಿದು ಒಳಗೆ ಹಾಕಬಹುದು. ಅದಕ್ಕೂ ಮೊದಲು 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟಿನ ಎರಡನೇ ಭಾಗದಲ್ಲಿ ಇದೇ ಬಗೆಯ ರಿಜಿಸ್ಟರ್ ತಂದಿದ್ದರು. ಹಾಡಿ ಕುಣಿಯುವುದೇ ಅಪರಾಧ ಆದರೆ ಜೋಗತಿ ಬದುಕುವುದು ಹೇಗೆ?

ಹಳೇ ಕಾಲದ ಮಾತು ಅಂತ ತಳ್ಳಿಹಾಕುವ ಹಾಗೂ ಇರಲಿಲ್ಲ. 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿತು. ಗಂಡುಮಕ್ಕಳನ್ನು ಕದಿಯುತ್ತಾರೆ ಅನ್ನುವ ಅನುಮಾನ ಇರುವ ನಪುಂಸಕರ ಹೆಸರು, ವಾಸಸ್ಥಳದ ರಿಜಿಸ್ಟರ್ ಇಡಬಹುದು ಅಂತ. ಆ ಶಬ್ದವನ್ನೇ ಬಳಸಿದ್ದರು. ಸಮುದಾಯದ ಸಂಘಟನೆಗಳು ಹೈಕೋರ್ಟಿಗೆ ಹೋದ ಮೇಲೆ, 2016ರಲ್ಲಿ ತಿದ್ದುಪಡಿ ಮಾಡಿ ಆ ಶಬ್ದ ತೆಗೆದರು. ಐದು ವರ್ಷ ಅದು ಪುಸ್ತಕದಲ್ಲಿ ಇತ್ತು. ನಾಲ್ಸಾ ತೀರ್ಪು ಬಂದ ಮೇಲೂ ಎರಡು ವರ್ಷ.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಆ ಪಟ್ಟಿ ಬೇರೆ, ಈ ಪಟ್ಟಿ ಬೇರೆ, ಇದರಲ್ಲಿ ನೀವೇ ಬರೆಸುತ್ತೀರಿ ಅಂದೆ.

"ಪಟ್ಟಿ ಅಂದ್ರ ಪಟ್ಟಿನ. ಯಾರ ಕೈಯಾಗ ಹೋಗತೈತಿ ಅಂತ ನಿಂಗ ಗೊತ್ತೈತೇನು?"

ವಿದ್ಯಾರ್ಥಿಗಳ ಎದುರು ಉತ್ತರ ಇಲ್ಲದೆ ನಿಲ್ಲುವುದು ನನಗೆ ರೂಢಿ ಇಲ್ಲ. ಅವತ್ತು ನಿಂತೆ.

ಮರುವಾರವೇ ಒಂದು ಸುದ್ದಿ ಬಂತು. ಜುಲೈ 6ರಂದು ತೆಲಂಗಾಣ ಹೈಕೋರ್ಟು ಆ ಫಸಲಿ 1329ರ ಕಾನೂನನ್ನು ಸಂವಿಧಾನ ವಿರೋಧಿ ಎಂದು ಹೊಡೆದುಹಾಕಿತ್ತು. ಅಂದರೆ ಅಲ್ಲಿಯವರೆಗೂ ಅದು ಹೈದರಾಬಾದಿನಲ್ಲಿ ಕಾಗದದ ಮೇಲಾದರೂ ಜೀವಂತವಾಗಿತ್ತು! ನಾನು ಓಡಿಹೋಗಿ ಅಜ್ಜಿಗೆ ಪೇಪರ್ ಓದಿ ಹೇಳಿದೆ. ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿದರು. "ನೂರು ವರ್ಷ ಬೇಕಾತು, ಅಲ್ಲ?" ಅಂದರು. ಅಷ್ಟೇ.

ಇತ್ತ ಪೋರ್ಟಲ್ಲಿನಲ್ಲಿ ಅರ್ಜಿ ಅಲ್ಲೇ ಕೂತಿತ್ತು. ಹದಿನೈದು ದಿನ, ಇಪ್ಪತ್ತು ದಿನ. ನಂತರ ಒಂದು ಕಚೇರಿಯಿಂದ ಅಕ್ಕನಿಗೆ ಫೋನು. ಮೂಲ ದಾಖಲೆ ತನ್ನಿ, ಜೊತೆಗೆ ಜಿಲ್ಲಾಸ್ಪತ್ರೆಯ ಸರ್ಟಿಫಿಕೇಟ್ ತನ್ನಿ ಅಂತ. ಯಾವ ಕಚೇರಿ ಅಂತ ಬರೆಯುವುದಿಲ್ಲ. ಬೇರೆ ಕಡೆ ಕೆಲಸ ಮಾಡುವ ಗೆಳೆಯರನ್ನು ಕೇಳಿದರೆ ಅವರಿಗೂ ಇಂಥದ್ದೇ ಅನುಭವ.

ನಾನು ನಿಯಮಗಳ ಪ್ರತಿ ತೆಗೆದುಕೊಂಡು ಅಕ್ಕನ ಜೊತೆ ಹೋದೆ. ಗುಮಾಸ್ತರು ಒಳ್ಳೆಯವರೇ. ಇಬ್ಬರಿಗೂ ಕುರ್ಚಿ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ ಕೂತರು.

"ಮೇಡಮ್ಮಾರ, ಇವರಿಗೆ ಆಪರೇಷನ್ ಆಗೇತೇನ್ರಿ?"

ಅಕ್ಕ ನನ್ನಿಂದ ಒಂದು ಮೊಳ ದೂರದಲ್ಲಿ ಕೂತಿದ್ದಾರೆ. ನಾನು ನಿಯಮದ ಪುಟ ತೆರೆದು ಉತ್ತರ ಶುರುಮಾಡಿದೆ. ಪ್ರಮಾಣಪತ್ರಕ್ಕೆ ವೈದ್ಯಕೀಯ ಪರೀಕ್ಷೆ ಬೇಕಿಲ್ಲ, ಸ್ವಂತ ಅಫಿಡವಿಟ್ಟು ಸಾಕು, ಆಪರೇಷನ್ ವಿಚಾರ ಬರುವುದು ಏಳನೇ ಕಲಮಿನಲ್ಲಿ, ಗಂಡು ಅಥವಾ ಹೆಣ್ಣು ಅಂತ ಬದಲಾಯಿಸಿಕೊಳ್ಳುವವರಿಗೆ ಮಾತ್ರ. ಗುಮಾಸ್ತರು ತಲೆಯಾಡಿಸಿದರು. "ಇವರು ಊರಾಗ ಎಷ್ಟು ವರ್ಷದಿಂದ ಅದಾರ?" ಅದಕ್ಕೂ ನಾನೇ ಹೇಳಿದೆ. "ಇವರ ಮನಿಯವರ ಒಪ್ಪಿಗಿ ಐತೇನ್ರಿ?" ಅದರ ಅಗತ್ಯ ಇಲ್ಲ ಅಂತ ಬಾಯಿ ತೆರೆಯುವುದರಲ್ಲಿದ್ದೆ.

"ನನ್ನ ಕೇಳ್ರಿ ಸಾಹೇಬ್ರ. ನಾ ಇಲ್ಲೇ ಅದೇನಿ."

ಗುಮಾಸ್ತರಿಗೆ ಹೇಳಿದ್ದು. ಪೆಟ್ಟು ಬಿದ್ದದ್ದು ನನಗೂ. ಅಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ನಂಗ ನಲವತ್ತಾರು. ಮನಿಯವರ ಒಪ್ಪಿಗಿ ಕೇಳೂ ವಯಸ್ಸೇನ್ರಿ? ಎಲ್ಲವ್ವ ಮುತ್ತು ಕಟ್ಟಿಸ್ಕೊಂಡಾಗ ಡಾಕ್ಟರ ಚೀಟಿ ಕೇಳಲಿಲ್ಲ. ನೀವ್ಯಾಕ ಕೇಳ್ತೀರಿ?"

ಪಕ್ಕದ ಟೇಬಲ್ಲಿನಲ್ಲಿದ್ದ ಹೆಣ್ಣುಮಗಳು ಫೈಲಿನಿಂದ ತಲೆ ಎತ್ತಿ ಅಕ್ಕನಿಗೆ ಕೈ ಮುಗಿದಳು. ನಗು ಬಂತು. ಸಿಟ್ಟೂ ಬಂತು. ದೇವರ ಹೆಸರು ಬಂದ ಕೂಡಲೇ ಮರ್ಯಾದೆ, ಕಾಯ್ದೆಯ ಹೆಸರಿಗೆ ಅನುಮಾನ. ಹಾಗಾದರೆ ಮುತ್ತು ಕಟ್ಟಿಸಿಕೊಳ್ಳದ, ಬೆಂಗಳೂರಿನ ಹಮಾಮಿನಲ್ಲಿ, ಅಂದರೆ ಸಮುದಾಯದವರು ಒಟ್ಟಿಗಿರುವ ಮನೆಯಲ್ಲಿ ಬದುಕುವ, ಸಿಗ್ನಲ್ಲಿನಲ್ಲಿ ಕೈಯೊಡ್ಡುವ ಹುಡುಗಿಗೆ ಯಾರು ಕೈ ಮುಗಿಯುತ್ತಾರೆ?

ಗುಮಾಸ್ತರ ಹೆದರಿಕೆಯೂ ಸುಳ್ಳಲ್ಲ. "ನಿಯಮ ಇರಲಿ ಮೇಡಮ್ಮಾರ, ನಾಳೆ ಮ್ಯಾಲಿನವರು ಕೇಳಿದ್ರ ನಾ ಏನ್ ತೋರಿಸ್ಲಿ?" ಅಂದರು. ಅವರಿಗೆ ತೋರಿಸಲು ಒಂದು ಕಾಗದ ಬೇಕಿತ್ತು. ಅಲ್ಲೇ ಕೂತು ಒಂದು ಪುಟದ ಮನವಿ ಬರೆದೆ. ನಿಯಮದ ಸಾಲುಗಳನ್ನು ಅದರಲ್ಲಿ ನಕಲು ಮಾಡಿದೆ. ಕೆಳಗೆ ಅಕ್ಕ ಸಹಿ ಮಾಡಿದರು, ನಾನಲ್ಲ. ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದೆವು. ಈ ದಾರಿ ಹಿಡಿಯುವವರು ದಯವಿಟ್ಟು ಆ ಮೊಹರು ಮರೆಯಬೇಡಿ. ಮುಂದೆ ಕೋರ್ಟಿಗೆ ಹೋಗಬೇಕಾಗಿ ಬಂದರೆ ದಿನ ಲೆಕ್ಕ ಹಾಕುವುದು ಅದರಿಂದ.

ಕೋರ್ಟಿಗೆ ಹೋಗಲಿಲ್ಲ. 52ನೇ ದಿನ ಪ್ರಮಾಣಪತ್ರವೂ ಗುರುತಿನ ಚೀಟಿಯೂ ಬಂದವು. ಬಸ್ ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿದೆವು. ಅಕ್ಕ ಎರಡೆರಡು ಲ್ಯಾಮಿನೇಷನ್ ಮಾಡಿಸಿದರು, ಒಂದು ದೇವರ ಗೂಡಿಗೆ, ಒಂದು ಪರ್ಸಿಗೆ. ಇಂಗ್ಲಿಷ್ ಹೆಸರಿನ ಕೊನೆಗೆ ಒಂದು 'ಎ' ಜಾಸ್ತಿ ಬಿದ್ದಿತ್ತು. ತುಂಬಿದ್ದು ನಾವೇ, ಬೈಯಲು ಯಾರೂ ಸಿಗಲಿಲ್ಲ. ಅದನ್ನು ತಿದ್ದಿಸಲು ಮತ್ತೆ ಮೂರು ವಾರ.

ಆಗ ಚೀಟಿಯಲ್ಲಿ ಲಿಂಗ ಅಂತ ಇರುವ ಕಡೆ ಟ್ರಾನ್ಸ್‌ಜೆಂಡರ್ ಅಂತ ಬರುತ್ತಿತ್ತು. ಹೆಣ್ಣು ಅಂತ ಬೇಕಾದರೆ ಏಳನೇ ಕಲಂ, ಆಪರೇಷನ್, ಆಸ್ಪತ್ರೆಯ ಮುಖ್ಯಸ್ಥರ ಪತ್ರ. ಇದೇ ನನಗೆ ನುಂಗಲಾಗದ ತುತ್ತು. ಸುಪ್ರೀಂ ಕೋರ್ಟು 2014ರಲ್ಲಿ ಬೇಡ ಅಂದದ್ದನ್ನು 2019ರ ಕಾಯ್ದೆ ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡಿತು. ಜೋಗತಿಯರಲ್ಲಿ ನಿರ್ವಾಣದ, ಅಂದರೆ ಗಂಡಿನ ಅಂಗ ತೆಗೆಸುವ ರೂಢಿ ಇಲ್ಲ, ದೇವಿಗೆ ಒಪ್ಪಿಸಿದ ಮೈಗೆ ಕತ್ತಿ ತಾಗಿಸಬಾರದು ಅನ್ನುತ್ತಾರೆ. ಅಂದರೆ ಅಕ್ಕ ಎಷ್ಟು ಸೀರೆ ಉಟ್ಟರೂ, ಎಷ್ಟು ಜನ ಅವ್ವಾ ಅಂದರೂ, ಆ ಕಾಯ್ದೆಯ ಪ್ರಕಾರ ಹೆಣ್ಣು ಅಂತ ಬರೆಸುವ ಹಾಗಿರಲಿಲ್ಲ. ನನಗೆ ಕುದಿಯಿತು. ಅಕ್ಕನಿಗೆ ಅಷ್ಟೇನೂ ಅನ್ನಿಸಲಿಲ್ಲ. ಹೆಣ್ಣು ಅಂತ ಬರೆಸಿದರೆ ಜೋಗತಿ ಅನ್ನುವುದು ಎಲ್ಲಿ ಬರೆಸಲಿ ಅಂತ ಕೇಳಿದರು. ಅದೂ ಸರಿ ಅಲ್ವಾ? ನಾನು ಕೇಸು ಹಾಕಬೇಕು ಅಂದುಕೊಂಡ ಪ್ರಶ್ನೆ ಅವರ ಪ್ರಶ್ನೆ ಆಗಿರಲಿಲ್ಲ. ಅದೇ ಮನೆಯ ಇನ್ನೊಬ್ಬಳದ್ದು ಆಗಿತ್ತು. ಅವಳ ಜೊತೆ ಆ ಮಾತು ಬೇರೆಯಾಗಿ ನಡೆಯುತ್ತಿದೆ.

ಆಧಾರ್ ಕೇಂದ್ರದಲ್ಲಿ ಹೆಚ್ಚು ತಕರಾರು ಇರಲಿಲ್ಲ. ಹೊಸ ಚೀಟಿಯನ್ನೇ ಪುರಾವೆ ಅಂತ ತೆಗೆದುಕೊಂಡರು, ಆಗ ಶುಲ್ಕ 50 ರೂಪಾಯಿ ಇತ್ತು. ಹೆಸರನ್ನು ಎರಡು ಸಲ ತಿದ್ದಿಸಬಹುದು, ಲಿಂಗವನ್ನು ಒಂದೇ ಸಲ ಅಂತ ಆಪರೇಟರ್ ಹುಡುಗ ಎಚ್ಚರಿಸಿದ. "ನಾ ಮೊದಲಿಂದ ಒಂದ ಇದ್ದೇನಪ. ನಿಮ್ಮದ ಎರಡಾತು" ಅಂದರು ಅಕ್ಕ.

ಬಸ್ಸಿನ ವಿಚಾರ ಕೇಳುತ್ತೀರಾ? ಅರ್ಧಕ್ಕರ್ಧ ಕಂಡಕ್ಟರುಗಳು ಈಗ ಕಾರ್ಡೇ ಕೇಳುವುದಿಲ್ಲವಂತೆ. ಸುಮ್ನೆ ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾರಂತೆ. ಅಕ್ಕನಿಗೆ ಅದೂ ಬೇಸರ. ತೋರಿಸಲಿಕ್ಕೆ ಅಂತಲೇ ಇಷ್ಟು ಓಡಾಡಿದ್ದಲ್ಲವೇ!

ಆ ಸೆಮಿಸ್ಟರಿನಿಂದ ಹತ್ತು ಅಂಕದ ಪ್ರಶ್ನೆ ನಿಲ್ಲಿಸಿದೆ. ಈಗ ಆಂತರಿಕ ಪರೀಕ್ಷೆಗೆ ಖಾಲಿ ನಮೂನೆ 2 ಕೊಡುತ್ತೇನೆ. ತಮ್ಮದೇ ಲಿಂಗದ ಬಗ್ಗೆ ತಾವೇ ಪ್ರಮಾಣ ಮಾಡಿ ಬರೆಯಬೇಕು, ನೋಟರಿ ಮುಂದೆ ಓದುವ ಹಾಗೆ. ಮೊದಲ ಸಲ ಅರ್ಧ ತರಗತಿ ಪೆನ್ನು ಕಚ್ಚುತ್ತಾ ಕೂತಿತ್ತು. ಇದಕ್ಕೆ ಪುರಾವೆ ಏನು ಕೊಡೋದು ಮೇಡಂ ಅಂತ ಒಬ್ಬ ಹುಡುಗ ಕೇಳಿದ. ಅಕ್ಕನನ್ನು ಒಂದು ದಿನ ತರಗತಿಗೂ ಕರೆದೆ. ಗೇಟಿನಲ್ಲಿ ವಾಚ್‌ಮನ್ ತಡೆದ, ಹೊಸ ಕಾರ್ಡು ಅಲ್ಲಿ ಉಪಯೋಗಕ್ಕೆ ಬಂತು.

ಅಕ್ಟೋಬರಿನಲ್ಲಿ ಮತ್ತೆ ಆ ಮನೆಗೆ ಹೋದೆವು. ಈ ಸಲ ನಾಲ್ಕು ಜನ ಅರ್ಜಿ ಹಾಕಲು ತಯಾರಿದ್ದರು. ಒಬ್ಬಳಿಗೆ ಇಪ್ಪತ್ತೆರಡು, ಪಿಯುಸಿ ಮುಗಿಸಿದ್ದಳು. 2021ರಲ್ಲಿ ಸರ್ಕಾರ 1977ರ ನೇಮಕಾತಿ ನಿಯಮ ತಿದ್ದಿ ಶೇಕಡಾ 1ರ ಮೀಸಲಾತಿ ಕೊಟ್ಟಿತಲ್ಲ, ಅದರಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕು ಅವಳಿಗೆ. ಹಳೇ ಹೆಸರಿನ ಅಂಕಪಟ್ಟಿ ತಿದ್ದಿಸುವುದೇ ದೊಡ್ಡ ಕೆಲಸ. ನಿಯಮದ ಪ್ರಕಾರ 15 ದಿನ. ಮಾರನೇ ಬೇಸಿಗೆಯವರೆಗೂ ಓಡಾಡಿಸಿದರು. ಅದು ಇನ್ನೊಂದು ಕತೆ.

ಅಜ್ಜಿ ಅದೇ ಮೂಲೆಯಲ್ಲಿದ್ದರು. ನಿಮ್ಮದೂ ಹಾಕೋಣವಾ, ಪಿಂಚಣಿಗೂ ಅನುಕೂಲ ಅಂತ ಕೇಳಿದೆ. ಬೇಡ ಅಂದರು. ಎರಡನೇ ಸಲ ಕೇಳಲಿಲ್ಲ.

"ಅವತ್ತು ಆ ಹುಡುಗ ನನ್ನ ಹೆಸರು ಬರಕೊಂಡಿದ್ದ. ಅದು ಎಲ್ಲೈತಿ?"

ನೋಟ್‌ಬುಕ್ ನನ್ನ ಬ್ಯಾಗಿನಲ್ಲೇ ಇತ್ತು. ತೆಗೆದು ತೋರಿಸಿದೆ. ಏಳು ಹೆಸರಿನ ಪಟ್ಟಿಯಲ್ಲಿ ಮೊದಲನೆಯದೇ ಅಜ್ಜಿಯದು. ಅಳಿಸು ಅಂದರು. ಕೋರ್ಟ್ ಕಾಗದದಲ್ಲಿ ತಪ್ಪು ಹೊಡೆಯುವ ರೀತಿಯಲ್ಲಿ ಒಂದು ಗೆರೆ ಎಳೆದೆ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ. ಅಜ್ಜಿಗೆ ಓದಲು ಬರುವುದಿಲ್ಲ. ನೋಟ್‌ಬುಕ್ಕನ್ನು ಆ ಪಿಯುಸಿ ಹುಡುಗಿಯ ಕೈಗೆ ಕೊಟ್ಟರು. "ಏನೈತಿ ಓದು." ಅವಳು ಗೆರೆಯ ಕೆಳಗಿನ ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ ಓದಿಬಿಟ್ಟಳು.

"ಓದಾಕ ಬಂತಲ್ಲ" ಅಂದರು ಅಜ್ಜಿ.

ಪೆನ್ನನ್ನು ಮತ್ತೆ ತೆಗೆದುಕೊಂಡೆ. ಅವರು ಸಾಕು ಅನ್ನುವವರೆಗೆ ಗೀಚಿದೆ. ಹಿಂದಿನ ಹಾಳೆಗೂ ಮಸಿ ಇಳಿದಿತ್ತು.